ಡಬ್ಬಿ ನಿನ್ನದು, ವೈರು ನನ್ನದು

ಮೌನೇಶಣ್ಣ, ಹಿಪ್ಪರಗಿಯ ಭಜನೆಯ ದಿನ ನಮ್ಮ ಎರಡು ಬೇಸ್ ಸ್ಪೀಕರಿನ ಡಬ್ಬಿಗಳಲ್ಲಿ ಒಂದರ ವೈರನ್ನು ಅದಲುಬದಲು ಮಾಡಿದವನು ನಾನು. ಕೈತಪ್ಪಿ ಅಲ್ಲ, ಬೇಕೆಂತಲೇ ಮಾಡಿದೆ. ಹಿಂಬದಿಯ ಪಟ್ಟಿಯ ಸ್ಕ್ರೂ ಬಿಚ್ಚಿ, ಒಳಗೆ ಕೈ ಹಾಕಿ, ಕೆಂಪು ವೈರು ಇದ್ದಲ್ಲಿ ಕಪ್ಪು, ಕಪ್ಪು ಇದ್ದಲ್ಲಿ ಕೆಂಪು ಸಿಕ್ಕಿಸಿದೆ. ಮತ್ತೆ ಸ್ಕ್ರೂ ಬಿಗಿದು, ನನ್ನ ಕೈಯ ಬೆವರಿನ ಗುರುತು ಉಳಿಯಬಾರದೆಂದು ಅಂಗಿಯ ತುದಿಯಿಂದ ಒರೆಸಿದೆ. ಕಳ್ಳನಾದರೂ ಇಷ್ಟು ಎಚ್ಚರ ವಹಿಸುತ್ತಾನೋ ಇಲ್ಲವೋ ನಾನರಿಯೆ.

ಇಷ್ಟೇ ಆಗಿದ್ದರೆ ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡಬೇಕಾಗಿರಲಿಲ್ಲ. ವೈರಿನ ತಪ್ಪನ್ನು ಮರುದಿನವೇ ಸರಿಮಾಡಿದೆ. ಆದರೆ ಅದರ ಜೊತೆಗೆ ಒಂದು ಮಾತು ಆಡಿದ್ದೆ — ನಿನ್ನ ಮುಖ ನೋಡಿಕೊಂಡೇ ಆಡಿದ್ದೆ. ಅದನ್ನು ಇಂದಿಗೂ ಸರಿಮಾಡಿಲ್ಲ. ನೀನು ತಬಲಾ ಜೋಡಿಯ ಡಗ್ಗಾ ಬಾರಿಸುವುದನ್ನು ಬಿಟ್ಟದ್ದು ಆ ಮಾತಿನಿಂದ.

ನಮ್ಮಿಬ್ಬರನ್ನೂ ಕಾಣದವರು ಇದನ್ನು ಓದಿದರೂ ತಿಳಿಯಲಿ ಎಂದು ಮೊದಲಿನಿಂದ ಬರೆಯುತ್ತೇನೆ. ಬನಹಟ್ಟಿಯಲ್ಲಿ ನನ್ನದು ಮೋಟಾರು ವೈಂಡಿಂಗ್ ಅಂಗಡಿ. ಪವರ್‌ಲೂಮಿನ ಮೋಟಾರು ಸುಟ್ಟರೆ ನನ್ನ ಹತ್ತಿರ ಬರುತ್ತದೆ. ಅದೇ ಗೋಡೆಯ ಆಚೆ ನಿನ್ನ ಬಡಿಗತನದ ಶೆಡ್ಡು. ನಿಮ್ಮಪ್ಪ ಕೈಮಗ್ಗಕ್ಕೆ ಬೇಕಾದ ಕಟ್ಟಿಗೆ ಸಾಮಾನು ಮಾಡುತ್ತಿದ್ದರು. ನೀನು ಬಾಗಿಲು, ಚೌಕಟ್ಟು, ಕಪಾಟುಗಳ ಕೆಲಸಕ್ಕೆ ಇಳಿದೆ. ಕಟ್ಟಿಗೆ ನುಣುಪು ಮಾಡಲು ರಂದಾ ಹೊಡೆಯುವ ಮಷೀನು ತಂದ ಮೇಲಂತೂ ಮುಂಜಾನೆಯಿಂದ ಸಂಜೆಯವರೆಗೆ ಅದರ ಚೀರಾಟವೇ ಚೀರಾಟ.

ನನ್ನ ಸ್ವಭಾವವನ್ನೂ ಇಲ್ಲೇ ಹೇಳಿಬಿಡಬೇಕು. ನಾನು ಸಂಶಯದ ಮನುಷ್ಯ. ಸುಟ್ಟ ಮೋಟಾರು ತರುವವರು ಯಾರೂ ಖರೆ ಹೇಳುವುದಿಲ್ಲ — ‘ತಾನಾಗಿಯೇ ಸುಟ್ಟಿತು’ ಎನ್ನುತ್ತಾರೆ, ಬಿಚ್ಚಿ ನೋಡಿದರೆ ನೀರು ಹೊಕ್ಕಿರುತ್ತದೆ. ಹಾಗೆ ಬಿಚ್ಚಿ ಬಿಚ್ಚಿ ನೋಡಿ, ಎದುರಿಗೆ ನಿಂತ ಮನುಷ್ಯನ ಮಾತಿನ ಹಿಂದೆ ಇನ್ನೊಂದು ಮಾತು ಇದ್ದೇ ಇರುತ್ತದೆ ಎಂಬ ಖಾತ್ರಿ ನನಗೆ ಬಂದುಬಿಟ್ಟಿತ್ತು. ಹೋಟೆಲಿನವನು ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿದರೂ ಇವನಿಗೆ ನನ್ನ ಮೇಲೆ ಏನೋ ಸಿಟ್ಟಿದೆ ಎಂದು ಯೋಚಿಸುವವನು ನಾನು. ನಿನ್ನೊಬ್ಬನ ಮೇಲೆ ಮಾತ್ರ ನನಗೆ ಸಂಶಯ ಬಂದಿರಲಿಲ್ಲ. ಬಹಳ ದಿನ ಬಂದಿರಲಿಲ್ಲ.

ನಮ್ಮ ಓಣಿಯ ಭಜನಾ ಮೇಳದಲ್ಲಿ ನೀನು ತಬಲಾ ಬಾರಿಸುತ್ತಿದ್ದೆ, ನಾನು ಮೈಕಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದೆ. ನಿನ್ನ ಜೀವವೆಲ್ಲ ಎಡಗೈಯ ಡಗ್ಗಾದಲ್ಲಿತ್ತು. ಅಂಗೈಯ ಬುಡವನ್ನು ಚರ್ಮದ ಮೇಲೆ ಒತ್ತಿ ಸರಿಸಿದರೆ ಆ ದಪ್ಪ ದನಿ ‘ಗುಂವ್’ ಎಂದು ಮೇಲೇಳುತ್ತಿತ್ತು, ಹಾಡುವವರು, ಹಾರ್ಮೋನಿಯಂ ಪೇಟಿ ಹಿಡಿದವರು ಸಾಲು ಮರೆತು ನಿನ್ನ ಕಡೆ ನೋಡುತ್ತಿದ್ದರು. ಆದರೆ ಬಯಲಿನಲ್ಲಿ ಹಾಡಿದಾಗ ಆ ದನಿ ಯಾರಿಗೂ ಮುಟ್ಟುತ್ತಿರಲಿಲ್ಲ. ಒಂದು ದಿನ ನೀನೇ ಬೇಸತ್ತು ಹೇಳಿದೆ:

“ಮಲ್ಲೂ, ಪೇಟಿ ಕೇಳ್ತೈತಿ, ತಾಳ ಕೇಳ್ತೈತಿ. ನನ್ನ ಡಗ್ಗಾ ಮಾತ್ರ ಕಟ್ಟಿ ಇಳಿಯೂದ್ರಾಗ ಸಾಯ್ತೈತಿ ನೋಡು.”

“ಬೇಸ್ ಡಬ್ಬಿ ಬಾಡಿಗಿ ತರೂಣು ತಗೋ,” ಎಂದೆ.

“ಬ್ಯಾಡೋ ಮಾರಾಯ. ಅವು ಎದಿ ಬಡಿಯೂ ಡಬ್ಬಿ. ನನಗ ಡಗ್ಗಾ ಹೆಂಗೈತೋ ಹಂಗಽ ಹಿಂದ ಕುಂತವರ ತನಕ ಹೋಗಬೇಕು. ನಾವಽ ಮಾಡೂಣು. ಡಬ್ಬಿ ನಂದು, ವೈರ್ ನಿಂದು.”

ಹಾಗೆ ಶುರುವಾಯಿತು. ಮೊದಲ ಡಬ್ಬಿಯನ್ನು ತೆಳ್ಳನೆಯ ಪ್ಲೈವುಡ್‌ನಲ್ಲಿ ಮಾಡಿದೆವು. ದನಿ ಏರಿಸಿದರೆ ಡಬ್ಬಿಯೇ ಜಿರ್ರೆಂದು ಅದುರುತ್ತಿತ್ತು. ನೀನು ನಗುತ್ತ ಅದನ್ನು ಒಡೆದು ಹಾಕಿದೆ. ಆಮೇಲೆ ನೀನೇ ದಪ್ಪ ಪ್ಲೈವುಡ್ ಹಾಳೆ ತಂದೆ. ಒಳಗೆ ಅಡ್ಡಪಟ್ಟಿ, ಸಂದುಸಂದಿಗೆ ಅಂಟು, ಅದರ ಮೇಲೆ ಸ್ಕ್ರೂ. ಸ್ಪೀಕರು ಗಾಳಿಯನ್ನು ನೂಕುತ್ತದೆ, ಆ ಗಾಳಿ ನಾವು ಬಿಟ್ಟ ಬಾಯಿಯಿಂದಲೇ ಹೊರಗೆ ಬರಬೇಕು, ಬೇರೆಲ್ಲೂ ಸೋರಬಾರದು. ಅದನ್ನು ನೋಡಲು ನೀನು ಡಬ್ಬಿ ನುಡಿಯುತ್ತಿರುವಾಗ ಸಂದಿನಗುಂಟ ಅಗರಬತ್ತಿ ಹಿಡಿದುಕೊಂಡು ಹೋಗುತ್ತಿದ್ದೆ. ಹೊಗೆ ಎಲ್ಲಿ ಕುಣಿಯಿತೋ ಅಲ್ಲಿ ಮತ್ತೆ ಅಂಟು. ನಾನು ಕಟ್ಟಿಗೆಯ ಬಗ್ಗೆ ಬಾಯಿ ಹಾಕುತ್ತಿರಲಿಲ್ಲ. ನಾನು ವೈರು ಹಾಕಿದ ಮೇಲೆ ನೀನು ಒಳಗೆ ಬಗ್ಗಿಯೂ ನೋಡುತ್ತಿರಲಿಲ್ಲ — “ನಿನ್ನ ಕೆಲಸದಾಗ ನಾ ಯಾಕ ಕೈ ಹಾಕಲಿ?” ನಮ್ಮಲ್ಲಿ ಕೂಡಿ ಕೆಲಸ ಮಾಡುವ ರೀತಿಯೇ ಅದು, ಒಬ್ಬನ ಕೆಲಸವನ್ನು ಇನ್ನೊಬ್ಬ ತಪಾಸಣೆ ಮಾಡಿದರೆ ಅದು ಅವಮಾನ. ನಾನು ಮುಂದೆ ಉಪಯೋಗಿಸಿಕೊಂಡದ್ದು ನಿನ್ನ ಆ ಮರ್ಯಾದೆಯನ್ನೇ.

ಜೋಡಿ ಡಬ್ಬಿ ಮುಗಿದ ದಿನ ಶೆಡ್ಡಿನಲ್ಲಿ ಡಗ್ಗಾಕ್ಕೆ ಮೈಕು ಹಿಡಿದೆವು. ನೀನು ಒಮ್ಮೆ ಒತ್ತಿ ಸರಿಸಿದೆ. ಆ ದನಿ ನೆಲದಗುಂಟ ಹರಿದು ಬಾಗಿಲ ಆಚೆ ಹೋಯಿತು. ನಿನ್ನ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದೆ. ಕಟ್ಟಿಗೆ ಪುಡಿ ಹೋತು ಎಂದು ನೀನು ಕಣ್ಣು ಉಜ್ಜಿಕೊಂಡೆ. ಅಂದು ನಾನೂ ಬಹಳ ಸಂತೋಷವಾಗಿದ್ದೆ, ಅದನ್ನು ಮರೆತಿಲ್ಲ.

ಅದಾಗಿ ಕೆಲ ದಿನಗಳಿಗೆ ಮುಧೋಳದಲ್ಲಿ ಒಂದು ಲಗ್ನಕ್ಕೆ ಹೋಗಿದ್ದೆ. ಮಂಟಪದ ಪಕ್ಕದಲ್ಲಿ ಎರಡು ಬೇಸ್ ಡಬ್ಬಿ ನಿಂತಿದ್ದವು. ನಮ್ಮವೇ. ಅಂದರೆ — ನಮ್ಮವಲ್ಲ, ಆದರೆ ಅದೇ ಎತ್ತರ, ಅದೇ ಅಗಲ, ಬಾಯಿಯ ಒಳಗೆ ಅದೇ ಓರೆ ಹಲಗೆ. ಯಾರೂ ನೋಡದಾಗ ಗೇಣು ಹಾಕಿ ಅಳೆದೆ. ಒಂದು ಬೆರಳೂ ಹೆಚ್ಚುಕಡಿಮೆ ಇರಲಿಲ್ಲ. ಪಂಕ್ತಿಯಲ್ಲಿ ಕೂತವನು ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಆ ಅಳತೆ ಗೊತ್ತಿದ್ದವರು ಇಬ್ಬರೇ. ನಾನಂತೂ ಯಾರಿಗೂ ಹೇಳಿಲ್ಲ. ಹಾಗಾದರೆ —

ಊರಿಗೆ ಬಂದು ನಿನ್ನನ್ನು ನೇರವಾಗಿ ಕೇಳಬೇಕಾಗಿತ್ತು. ಕೇಳಲಿಲ್ಲ. ಸಂಶಯದ ಮನುಷ್ಯ ಕೇಳುವುದಿಲ್ಲ, ಕಾಯುತ್ತಾನೆ. ನಿನ್ನನ್ನು ಕಾಯತೊಡಗಿದೆ. ನೋಡಿದರೆ, ಗುರುವಾರ ಬಂತೆಂದರೆ ನೀನು ಶೆಡ್ಡಿಗೆ ಕೀಲಿ ಹಾಕಿ ಹೊರಡುತ್ತಿದ್ದೆ.

“ಎಲ್ಲಿಗಿ ಹೊಂಟಿ?” ಎಂದೆ ಒಮ್ಮೆ.

“ಇಲ್ಲೇ, ಜಮಖಂಡಿ ತನಕ.”

“ಏನ ಕೆಲಸ?”

“ಹಿಂಗಽ, ಸಣ್ಣ ಕೆಲಸ.” ಅಷ್ಟು ಹೇಳಿ ನೀನು ಗಾಡಿ ಹತ್ತಿ ಹೋದೆ. ನೀನು ನನ್ನಿಂದ ಮುಚ್ಚಿಡುವಂಥ ಸಣ್ಣ ಕೆಲಸ ಯಾವುದು?

ಆಮೇಲೆ ಒಂದೊಂದೇ ಕಾಣಿಸತೊಡಗಿತು. ಫೋನು ಬಂದರೆ ನೀನು ನನ್ನೆದುರು ಮಾತಾಡುತ್ತಿರಲಿಲ್ಲ. ಓಣಿಯ ತುದಿಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ, ಇನ್ನೊಂದು ಕಿವಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಿದ್ದೆ. ನಾಲ್ಕು ಜನ ಕೂತು ಚೇಷ್ಟೆ ಮಾಡುವಾಗ ಎಲ್ಲರೂ ನಕ್ಕ ಮೇಲೆ, ಅವರಿವರ ಮುಖ ನೋಡಿ, ನೀನು ತಡವಾಗಿ ನಗುತ್ತಿದ್ದೆ. ಮನಸ್ಸಿನಲ್ಲಿ ಏನೋ ಇದ್ದವನ ನಗೆ ಎಂದುಕೊಂಡೆ. ಒಂದು ಮಧ್ಯಾಹ್ನ ನಿನ್ನನ್ನು ಪರೀಕ್ಷೆ ಮಾಡಿಯೇ ಬಿಟ್ಟೆ. ನೀನು ಹಲಗೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದೆ. ನಾನು ನಿನ್ನ ಬೆನ್ನ ಹಿಂದೆ ನಿಂತು, ಸಹಜ ಎಂಬಂತೆ, “ಮುಧೋಳದಾಗ ನಮ್ಮಂಥವಽ ಡಬ್ಬಿ ನೋಡಿದೆ. ಯಾರ ಮಾಡ್ಯಾರೋ ಏನೋ,” ಎಂದೆ. ನೀನು ತಿರುಗಲಿಲ್ಲ. ಗೆರೆ ಎಳೆಯುತ್ತಲೇ ಇದ್ದೆ. ಪೆನ್ಸಿಲು ಕೂಡ ನಿಲ್ಲಲಿಲ್ಲ.

ತಪ್ಪಿಲ್ಲದವನಾದರೆ ‘ಹೌದಾ?’ ಎಂದು ತಿರುಗುತ್ತಿದ್ದ. ಇವನೇ ಮಾರಿಕೊಂಡಿದ್ದಾನೆ, ಜಮಖಂಡಿಯಲ್ಲಿ ಇವನಿಗೆ ಯಾರೋ ಸಿಕ್ಕಿದ್ದಾರೆ, ಇನ್ನು ನನ್ನನ್ನು ಬಿಟ್ಟು ಹೋಗುತ್ತಾನೆ — ಅಂದೇ ನಿರ್ಣಯ ಮಾಡಿದೆ. ಇದನ್ನೆಲ್ಲ ಹೀಗೆ ಒಂದರ ಪಕ್ಕ ಒಂದು ಇಟ್ಟು ಬರೆದರೆ ಓದುವವರಿಗೆ ನಿಜ ಸಂಗತಿ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ.

ಹಿಪ್ಪರಗಿಯ ಪಾಟೀಲರು ಹೊಸ ಮನೆಯ ವಾಸ್ತುಶಾಂತಿಗೆ ಸುತ್ತಲಿನ ಭಜನಾ ಮೇಳಗಳನ್ನು ಕರೆಸಿದ್ದರು. ನಮ್ಮ ಡಬ್ಬಿಗಳು ಮಂದಿಯ ಮುಂದೆ ನಿಲ್ಲುವುದು ಅದೇ ಮೊದಲು. ಕಬ್ಬು ಕಡಿದ ಹೊಲದಲ್ಲಿ ಕಟ್ಟೆ ಹಾಕಿದ್ದರು. ಮಧ್ಯಾಹ್ನ ಡಬ್ಬಿ ಇಳಿಸಿದೆವು. ನೀನು ಊಟಕ್ಕೆ ಏಳು ಎಂದೆ. “ನೀ ಉಂಡ ಬಾ, ಸಾಮಾನ ಕಾಯ್ಕೊಂತ ನಾ ಇಲ್ಲೇ ಇರ್ತೇನಿ,” ಎಂದೆ. ನೀನು ನನಗೆಂದು ಎಲೆಯಲ್ಲಿ ಹೋಳಿಗೆ ಕಟ್ಟಿಸಿಕೊಂಡು ಬರುವಷ್ಟರಲ್ಲಿ ನನ್ನ ಕೆಲಸ ಮುಗಿದಿತ್ತು. ಆ ಹೋಳಿಗೆಯನ್ನು ನಾನು ತಿಂದೆ ಕೂಡ.

ವೈರು ಅದಲುಬದಲಾದರೆ ಆಗುವುದಿಷ್ಟು: ಒಂದು ಡಬ್ಬಿಯ ಸ್ಪೀಕರು ಗಾಳಿಯನ್ನು ಹೊರಗೆ ನೂಕಿದ ಗಳಿಗೆಯಲ್ಲೇ ಪಕ್ಕದ ಡಬ್ಬಿಯದು ಒಳಗೆ ಎಳೆಯುತ್ತದೆ. ಅವನು ಕೊಟ್ಟದ್ದನ್ನು ಇವನು ಕಸಿದುಕೊಳ್ಳುತ್ತಾನೆ. ಒಂದೊಂದೇ ಹಚ್ಚಿದರೆ ಎರಡೂ ಛಲೋ ಇರುತ್ತವೆ. ಜೋಡಿಯಾಗಿ ಹಚ್ಚಿದರೆ ದಪ್ಪ ದನಿ ಸತ್ತುಹೋಗುತ್ತದೆ. ಮೇಲೆ ಬೇರೆಯಾಗಿ ಕೂರಿಸಿದ ಹಾರ್ನ್ ಸ್ಪೀಕರಿನಲ್ಲಿ ಬರುವ ಹಾಡಿಗೆ, ಪೇಟಿಗೆ ಏನೂ ಆಗುವುದಿಲ್ಲ.

ನನಗೆ ಬೇಕಾಗಿದ್ದುದಾದರೂ ಏನು? ನೀನು ಎಲ್ಲರೆದುರು ತಲೆ ತಗ್ಗಿಸಬೇಕು ಎಂದಿತ್ತು. ನನ್ನ ವೈರಿಲ್ಲದೆ ನಿನ್ನ ಕಟ್ಟಿಗೆ ಏನೂ ಅಲ್ಲ ಎಂದು ತಿಳಿಯಬೇಕು ಎಂದಿತ್ತು. ಇನ್ನೂ ಒಂದಿತ್ತು — ನೀನು ನನ್ನನ್ನು ಸಂಶಯದಿಂದ ನೋಡುತ್ತೀಯೋ ಇಲ್ಲವೋ ಎಂದು ನೋಡಬೇಕಾಗಿತ್ತು. ‘ಏನ ಮಾಡಿದಿಲೇ ವೈರಿಗಿ?’ ಎಂದು ನೀನು ನನ್ನ ಮೇಲೆ ಬಂದರೆ, ‘ನೀನೇನ ಮಾಡಿದಿ ಅಳತಿಗಿ?’ ಎಂದು ಕೇಳಲು ಬಾಯಿ ಸಿದ್ಧ ಮಾಡಿಕೊಂಡು ನಿಂತಿದ್ದೆ.

ಬಿಸಿಲು ಇಳಿದ ಮೇಲೆ ಸೌಂಡು ನೋಡಲು ಎದ್ದೆವು. ನಮ್ಮ ಪೇಟಿಯವನನ್ನು ಡಗ್ಗಾದ ಮುಂದೆ ಕೂರಿಸಿ, ಬಾರಿಸುತ್ತಲೇ ಇರು ಎಂದು ಹೇಳಿ, ನೀನು ಹೊಲಕ್ಕಿಳಿದೆ. ಮುಂದೆ ನಿಂತೆ. ಹಿಂದೆ ಹೋಗಿ ನಿಂತೆ. ತಲೆಯನ್ನು ಒಂದು ಕಡೆ ವಾಲಿಸಿ ನಿಂತೆ. ತಿರುಗಿ ಬಂದು ಎರಡೂ ಡಬ್ಬಿಗಳ ಮೈಮೇಲೆ ಅಂಗೈ ಇಟ್ಟು ನೋಡಿದೆ, ಅವು ಅದುರುತ್ತಿದ್ದವು. ಪೂಜೆಯ ತಟ್ಟೆಯಿಂದ ಒಂದು ಅಗರಬತ್ತಿ ತಂದು, ಮಂಡಿಯೂರಿ, ಸಂದುಸಂದಿಗೆ ಹಿಡಿದೆ. ಹೊಗೆ ನೆಟ್ಟಗೆ ಮೇಲೇರಿತು. ಮೊದಲು ನಿನ್ನ ಕಟ್ಟಿಗೆಯನ್ನೇ ಸಂಶಯಿಸಿದೆ ನೀನು, ಮೌನೇಶಣ್ಣ. ಅದರಲ್ಲಿ ತಪ್ಪು ಸಿಗದಿದ್ದಾಗ ಎದ್ದು ನನ್ನ ಹತ್ತಿರ ಬಂದೆ. ನಾನು ಆಂಪ್ಲಿಫೈಯರಿನ ಹಿಂದೆ ನಿಂತಿದ್ದೆ. ನೀನು ನನ್ನ ಕಣ್ಣು ನೋಡಲಿಲ್ಲ, ತುಟಿ ನೋಡುತ್ತ ಕೇಳಿದೆ:

“ಮಲ್ಲೂ, ನಿನಗ ಡಗ್ಗಾ ಕೇಳಾಕತ್ತೈತೇನು?”

“ಕೇಳಾಕತ್ತೈತಲ್ಲ, ಭರ್ಜರಿ. ಯಾಕ, ನಿನಗ ಕೇಳವಲ್ದೇನು?”

ಇದೇ ಆ ಮಾತು. ಇದನ್ನು ನಾನು ನಗುತ್ತ ಆಡಿದೆ.

ನೀನು ಜಗಳಕ್ಕೆ ಬರಲಿಲ್ಲ. ವೈರಿನ ಹೆಸರು ಎತ್ತಲಿಲ್ಲ. ನಿನ್ನ ಮುಖದಲ್ಲಿ ಏನೋ ಇಳಿದುಹೋಯಿತು. “ಇಲ್ಲ, ಕೇಳ್ತೈತಿ ಬಿಡು,” ಎಂದೆ ನೀನು. ಸಿಕ್ಕಿಬಿದ್ದವನ ಮುಖ ಎಂದು ನಾನು ಒಳಗೊಳಗೆ ಹಿಗ್ಗಿದೆ. ನಮ್ಮ ಮೇಳದ ಸರದಿ ಬಂದಾಗ ನೀನು ಎಡಗೈ ಉಳುಕಿದೆ ಎಂದು ಸುಳ್ಳು ಹೇಳಿ, ತಬಲಾಕ್ಕೆ ಬೇರೊಬ್ಬನನ್ನು ಕೂರಿಸಿ, ಕಟ್ಟೆಯ ಅಂಚಿನಲ್ಲಿ ತಾಳ ಹಿಡಿದು ಕೂತೆ.

ಮಂದಿಗೆ ಏನೂ ಕೊರತೆ ಕಾಣಲಿಲ್ಲ. ಆ ಹೊಲದಲ್ಲಿ ಕೂತವರು ಯಾರೂ ಬೇಸ್ ಡಬ್ಬಿಯಲ್ಲಿ ಡಗ್ಗಾ ಕೇಳಿದವರಲ್ಲ, ಇಲ್ಲದ್ದನ್ನು ಹುಡುಕುವುದು ಅವರಿಗೆ ಹೇಗೆ ಗೊತ್ತಾಗಬೇಕು? ಪಾಟೀಲರು ನಿನ್ನ ಬೆನ್ನು ತಟ್ಟಿ, “ಸೌಂಡ್ ಖಡಕ್ ಬಂತಪಾ,” ಎಂದರು. ನೀನು ಕೈಮುಗಿದೆ. ಡಗ್ಗಾ ಎಲ್ಲರಿಗೂ ಕೇಳಿಸಿದೆ ಎಂದೇ ನೀನು ತಿಳಿದೆ. ಅಷ್ಟು ಮಂದಿಯಲ್ಲಿ ಡಗ್ಗಾದ ದನಿ ಬರುತ್ತಿಲ್ಲ ಎಂದು ಬಲ್ಲವರು ನಾವಿಬ್ಬರೇ ಇದ್ದೆವು, ಅದರಲ್ಲಿ ಒಬ್ಬ ಸುಳ್ಳು ಹೇಳಿದ್ದ.

ಮರುದಿನ ಡಬ್ಬಿ ನನ್ನ ಅಂಗಡಿಗೆ ಬಂದ ಕೂಡಲೇ ವೈರು ಮೊದಲಿನಂತೆ ಮಾಡಿಟ್ಟೆ. ನೀನು ಶೆಡ್ಡು ತೆರೆಯಲಿಲ್ಲ. ಅದರ ಮರುದಿನವೂ ತೆರೆಯಲಿಲ್ಲ. ಮೋಸ ಬಯಲಾದೀತೆಂದು ಹೆದರಿದ್ದಾನೆ ಎಂದುಕೊಂಡು, ನಿನ್ನ ಮುಖ ಹೇಗಿದೆ ನೋಡೋಣವೆಂದೇ ನಿನ್ನ ಮನೆಗೆ ಬಂದೆ. ನೀನು ಮನೆಯಲ್ಲಿರಲಿಲ್ಲ. ನಿನ್ನ ಹೆಂಡತಿ, ವೈನಿ, ಚಹಾ ಕೊಟ್ಟು, ಬಾಗಿಲಿಗೆ ಒರಗಿ ನಿಂತು ಹೇಳಿದರು:

“ಮಲ್ಲಪ್ಪಾ, ನೀವಽ ಒಂದೀಟ ಹೇಳ್ರಿ ಅವರಿಗಿ. ಡಗ್ಗಾ ಅರಿವ್ಯಾಗ ಕಟ್ಟಿ ಅಟ್ಟದ ಮ್ಯಾಲ ಇಟ್ಟಾರ. ಯಾರಿಗೂ ಹೇಳಬ್ಯಾಡ ಅಂದಿದ್ರು, ಆದ್ರೂ ಹೇಳ್ತೇನಿ. ಗುರುವಾರಕ್ಕೊಮ್ಮೆ ಜಮಖಂಡಿಗಿ ಕಿವಿ ಡಾಕ್ಟರ ಕಡೆ ಹೊಕ್ಕಿದ್ರು. ಆ ಮಷೀನಿನ ಸಪ್ಪಳಕ್ಕ ಸಣ್ಣ ದನಿ ಕೇಳೂದು ಹೋಗೈತಿ, ಮಾತು ತಿಳಿಯೂದು ಕಷ್ಟ ಆಗೈತಿ, ಆದ್ರ ದಪ್ಪ ದನಿಗಿ ಏನೂ ಆಗಿಲ್ಲ ಅಂದಿದ್ರಂತ ಡಾಕ್ಟರು. ಅವತ್ತ ಪೇಢೆ ತಗೊಂಡ ಬಂದಿದ್ರು, ಡಗ್ಗಾ ಉಳೀತು ಅಂತ. ಈಗ ಹಿಪ್ಪರಗಿಯಿಂದ ಬಂದವರಽ, ‘ಅದೂ ಹೋತು’ ಅಂತ ಕುಂತಾರ. ‘ಮಲ್ಲೂಗ ಕೇಳಿಸ್ತು, ಮಂದಿಗೆಲ್ಲಾ ಕೇಳಿಸ್ತು, ನನಗೊಬ್ಬಂವಗಽ ಕೇಳಲಿಲ್ಲ’ ಅಂತಾರ.”

ಚಹಾದ ಕಪ್ಪು ಕೆಳಗಿಟ್ಟೆ. ಗೋಡೆಯ ಕಡೆ ಮುಖ ಮಾಡಿದ ಫೋನು, ತಡವಾಗಿ ಬಂದ ನಗೆ, ನಾನು ಬೆನ್ನ ಹಿಂದೆ ನಿಂತು ಆಡಿದ ಮಾತಿಗೆ ನಿಲ್ಲದ ಪೆನ್ಸಿಲು... ನಿನಗೆ ಕೇಳಿಸಿರಲಿಲ್ಲ. ನಾನು ಲೆಕ್ಕ ಹಾಕಿದ ಒಂದೊಂದು ಅಪರಾಧವೂ ನಿನ್ನ ಕಿವಿಯಾಗಿತ್ತು. ಆಗ ನಾನು ಎದ್ದು, ‘ವೈನಿ, ಡಗ್ಗಾ 	ಯಾರಿಗೂ ಕೇಳಿರಲಿಲ್ಲ, ಅದನ್ನು ಕೊಂದವನು ನಾನು’ ಎಂದಿದ್ದರೆ ಅಂದೇ ನೀನು ಅಟ್ಟ ಹತ್ತುತ್ತಿದ್ದೆ. ನಾನು ಹೇಳಿದ್ದು ಇಷ್ಟು: “ವಯಸ್ಸಿಗಿ ಆಗ್ತಾವ ವೈನಿ, ಏನ ಮಾಡೂದು.” ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆ ಬರುತ್ತಿದೆ.

ಒಂದು ಅಡ್ಡದಾರಿ ಹುಡುಕಿದೆ. ಡಬ್ಬಿ ನನ್ನ ಅಂಗಡಿಯಲ್ಲೇ ಇವೆ, ಬಂದು ಒಮ್ಮೆ ಕೇಳು ಎಂದು ನಿನ್ನನ್ನು ಕರೆದೆ. ಒಮ್ಮೆ ಕೇಳಿದರೆ ನಿನ್ನ ಅಂಜಿಕೆ ಹೋಗುತ್ತದೆ, ನಾನೂ ಬಾಯಿ ಬಿಡಬೇಕಾಗಿಲ್ಲ ಎಂಬ ಲೆಕ್ಕ. ನೀನು ಬರಲಿಲ್ಲ.

“ಬ್ಯಾಡೋ. ಮನ್ಯಾಗ ಡಗ್ಗಾ ಬಾರಿಸಿ ನೋಡಿದೆ. ಕಿವಿಗಿ ಕೇಳ್ತೈತೋ, ಕೈಗಷ್ಟಽ ತಿಳೀತೈತೋ ಗೊತ್ತಾಗವಲ್ದು. ನನ್ನ ಕಿವಿ ಮ್ಯಾಲ ನನಗಽ ನಂಬಿಕಿ ಉಳಿದಿಲ್ಲ ಮಲ್ಲೂ. ನಂಬಿಕಿ ಇಲ್ಲದ ಕಿವಿ ಇಟ್ಕೊಂಡು ನಾಲ್ಕ ಮಂದಿ ಹಾಡಿಗಿ ಹೆಂಗ ಬಾರಿಸ್ಲಿ?”

“ನಿನ್ನ ಇಚ್ಛಾ,” ಎಂದುಬಿಟ್ಟೆ ನಾನು. ಅಂದರೆ, ನನ್ನ ರೋಗವನ್ನು ನಿನಗೆ ಹಚ್ಚಿದ್ದೆ. ಯಾರನ್ನೂ ಸಂಶಯಿಸಲು ಬಾರದ ನೀನು ನಿನ್ನನ್ನೇ ಸಂಶಯಿಸುವುದನ್ನು ಕಲಿತೆ. ಡಾಕ್ಟರ ಹತ್ತಿರ ಹೋಗುವುದನ್ನೂ ಬಿಟ್ಟೆ. ಮಷೀನು ನಡೆಸುವಾಗ ಸಪ್ಪಳ ತಡೆಯಲು ಕಿವಿಗೆ ಹಾಕಿಕೊಳ್ಳಲೆಂದು ಅವರು ಏನೋ ಕೊಟ್ಟಿದ್ದರಂತೆ. ಹೋದ ಕಿವಿಗೆ ಅದೆಲ್ಲ ಯಾಕೆ ಎಂದು ಅದನ್ನು ಮೂಲೆಗೆ ಎಸೆದೆಯೆಂದು ವೈನಿ ಹೇಳಿದರು. ಅದು ಕೂಡ ನನ್ನ ಖಾತೆಗೇ ಬರಬೇಕು.

ಕೆಲ ತಿಂಗಳ ಮೇಲೆ ಮುಧೋಳದಲ್ಲಿ ಒಂದು ಬಡಿಗರ ಶೆಡ್ಡಿಗೆ ಮೋಟಾರು ಕೂರಿಸಲು ಹೋದೆ. ಅಲ್ಲಿ ಮೂಲೆಯಲ್ಲಿ ಅದೇ ಥರದ ಡಬ್ಬಿ, ಬೆನ್ನು ಬಿಚ್ಚಿಕೊಂಡು ನಿಂತಿತ್ತು. ವಿಚಾರಿಸಿದರೆ, ಲಗ್ನದಲ್ಲಿ ನಾನು ಕಂಡವುಗಳನ್ನು ಮಾಡಿದವನೂ ಆ ಬಡಿಗನೇ. ಒಳಗೆ ಬಗ್ಗಿ ನೋಡಿದೆ. ನಿನ್ನ ಅಡ್ಡಪಟ್ಟಿಗಳಿಲ್ಲ, ಅಂಟಿಲ್ಲ, ಬರೀ ಮೊಳೆ. ನಿನ್ನ ಕೈಯ ಗಂಧವೂ ಅದರಲ್ಲಿರಲಿಲ್ಲ. ಈ ಅಳತೆ ಯಾರು ಕೊಟ್ಟರು ಎಂದು ಕೇಳಿದೆ. ಅವನು ನಕ್ಕ.

“ಅಳತಿ ಯಾರ ಕೊಡ್ತಾರ‍್ರೀ? ಪ್ಲೈವುಡ್ ಹಾಳಿ ಎಲ್ಲಾ ಕಡೆ ಒಂದಽ ಅಳತಿ, ಸ್ಪೀಕರ್ ಒಂದಽ ಅಳತಿ. ಹಾಳಿ ತುಂಡ ತುಂಡ ಹಾಳಾಗಬಾರದು, ಜೋಡಿ ಡಬ್ಬಿ ಸಣ್ಣ ಗಾಡ್ಯಾಗ ಬರೋಬರಿ ಕೂಡಬೇಕು. ಹಂಗ ಕೊಯ್ದರ ಯಾರ ಮಾಡಿದ್ರೂ ಇದಽ ಡಬ್ಬಿ ಆಗತೈತಿ.”

ಎಷ್ಟು ಸರಳ. ನಿನ್ನನ್ನು ಕೇಳಿದ್ದರೆ ನೀನೂ ಇದನ್ನೇ, ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು, ನಕ್ಕು ಹೇಳುತ್ತಿದ್ದೆ. ಕಟ್ಟಿಗೆ ನಿನ್ನ ಕೆಲಸವೆಂದು ನಾನು ಅದರ ಗೊಡವೆಗೆ ಹೋದವನಲ್ಲ, ಹಾಳೆ ಹೇಗೆ ಕೊಯ್ಯುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದ್ದನ್ನು ಕೇಳುವ ಬದಲು ಕಳ್ಳನನ್ನು ಹುಡುಕಿದೆ. ನೀನು ನಿಜವಾಗಿಯೂ ಅಳತೆ ಮಾರಿಕೊಂಡಿದ್ದರೂ ನಾನು ಮಾಡಿದ್ದು ನಾನು ಮಾಡಿದ್ದೇ, ಅದು ಬೇರೆ ಮಾತು. ಆದರೆ ಅಂದಿನಿಂದ ನನಗೆ ಹೇಳಿಕೊಳ್ಳಲು ಅಷ್ಟು ನೆಪವೂ ಉಳಿಯಲಿಲ್ಲ.

ಈಗ ನಿನ್ನ ಬಲಗಿವಿಯಲ್ಲಿ, ಡಾಕ್ಟರಿಗೆ ತೋರಿಸದೆ ಅಂಗಡಿಯಲ್ಲೇ ಕೊಂಡ, ಮಾತು ಕೇಳಿಸುವ ಮಷೀನು ಇದೆ. ಬಾಗಿಲು, ಚೌಕಟ್ಟು ಮಾಡುತ್ತೀ. ಮೇಳದವರು ಕೂಡುವ ದಿನ ಆ ಓಣಿ ತಪ್ಪಿಸಿ ಸುತ್ತು ಹಾಕಿ ಮನೆಗೆ ಹೋಗುತ್ತೀ. ನನ್ನೊಂದಿಗೆ ಮೊದಲಿನಂತೆಯೇ ಇದ್ದೀ — ಅದೇ ನನಗೆ ತಡೆಯಲಾಗದು. ನೀನು ನನ್ನನ್ನು ಒಂದು ಕ್ಷಣ ಹೆಚ್ಚು ನೋಡಿದರೆ, ಇವನಿಗೆ ಗೊತ್ತಾಗಿದೆ ಎಂದುಕೊಳ್ಳುತ್ತೇನೆ. ನಿನ್ನ ಮಾತಿನ ಹಿಂದೆ ಇನ್ನೊಂದು ಮಾತನ್ನು ಹುಡುಕುತ್ತೇನೆ. ಗೊತ್ತಿದ್ದು ಸುಮ್ಮನಿದ್ದಾನೆಯೇ, ನನ್ನ ಬಾಯಿಂದಲೇ ಬರಲಿ ಎಂದು ಕಾಯುತ್ತಿದ್ದಾನೆಯೇ ಎಂದು ತಲೆ ಕೆಡಿಸಿಕೊಳ್ಳುತ್ತೇನೆ. ಇಲ್ಲ, ನಿನಗೆ ಗೊತ್ತಿಲ್ಲ. ನನ್ನಂತೆ ಯೋಚಿಸಲು ನಿನಗೆ ಬರುವುದಿಲ್ಲ.

ಒಮ್ಮೆ ಹೇಳಲು ಹೋಗಿದ್ದೆ. ಕಳೆದ ಬೇಸಿಗೆಯಲ್ಲಿ ಚಹಾದ ಅಂಗಡಿಯ ಬಾಕಿನ ಮೇಲೆ ಇಬ್ಬರೇ ಕೂತಿದ್ದೆವು. ಆಚೆ ನಾಲ್ಕಾರು ಮಂದಿ ಇದ್ದರು. ನಾನು ತಲೆ ಬಗ್ಗಿಸಿ, ಮೆಲ್ಲಗೆ, “ಹಿಪ್ಪರಗ್ಯಾಗ ವೈರ್ ತಪ್ಪಿಸಿದಂವ ನಾನಽ,” ಎಂದೆ. ಹೇಳಿಯೇ ಬಿಟ್ಟೆ.

ನೀನು ಕೈಯನ್ನು ಕಿವಿಯ ಹಿಂದೆ ಹಿಡಿದು ನನ್ನ ಕಡೆ ಬಾಗಿದೆ. “ಏನಂದಿ? ಗಟ್ಟಿ ಹೇಳೋ.”

ಆಚೆಯ ಮಂದಿ ನಮ್ಮ ಕಡೆ ತಿರುಗಿದರು.

“ಚಾ ಛಲೋ ಐತಿ ಅಂದೆ.”

“ಹೌದ ನೋಡು, ಇವತ್ತ ಛಲೋ ಮಾಡ್ಯಾನ,” ಎಂದು ನೀನು ಕಪ್ಪು ಎತ್ತಿ ಕುಡಿದೆ.

ಅಂದು ನನಗೆ ಒಂದು ಸಂಗತಿ ತಿಳಿಯಿತು. ನಿನ್ನ ಹತ್ತಿರ ಗುಟ್ಟಾಗಿ ತಪ್ಪೊಪ್ಪಿಕೊಳ್ಳಲು ಸಾಧ್ಯವೇ ಇಲ್ಲ. ನಿನಗೆ ಕೇಳಬೇಕಾದರೆ ಓಣಿಗೆಲ್ಲ ಕೇಳಬೇಕು. ಓಣಿಯ ಮಗ್ಗ ನಡೆಯುವಾಗ ಬಂದು ಹೇಳಿದರೆ ಆ ಸಪ್ಪಳದಲ್ಲಿ ಬೇರೆ ಯಾರಿಗೂ ಕೇಳುವುದಿಲ್ಲ ಎಂದು ಒಂದು ಜಾಣತನ ಹೊಳೆಯಿತು. ಆದರೆ ಮಗ್ಗ ನಡೆಯುವಾಗ ನಿನಗೂ ಕೇಳುವುದಿಲ್ಲ. ಇದನ್ನು ಬರೆದು ನಿನ್ನ ಕೈಗೆ ಕೊಟ್ಟು ಓಡಿಹೋಗಬಹುದು. ಇಷ್ಟು ಬರೆದ ಮೇಲೆ ಅದೂ ಇನ್ನೊಂದು ಅಡ್ಡದಾರಿ ಎನಿಸುತ್ತಿದೆ. ನಿನ್ನ ಡಗ್ಗಾ ಹೋದದ್ದು ನನ್ನ ಬಾಯಿಂದ ಆಡಿದ ಮಾತಿನಿಂದ. ಅದು ನನ್ನ ಬಾಯಿಂದಲೇ ನಿನಗೆ ತಿರುಗಿ ಸಿಗಬೇಕು.

ಈ ವರ್ಷಗಳಲ್ಲಿ ಆ ರಂದಾ ಮಷೀನು ನಿನ್ನ ದಪ್ಪ ದನಿಯನ್ನೂ ತಿಂದುಹಾಕಿದೆಯೋ, ಇನ್ನೂ ಉಳಿದಿದೆಯೋ, ನನಗೆ ಗೊತ್ತಿಲ್ಲ. ಉಳಿದಿದ್ದರೆ ಅದು ನಿನ್ನ ಪುಣ್ಯ, ಹೋಗಿದ್ದರೆ ಅದು ನನ್ನ ಪಾಪ. ಯಾವುದೇ ಆಗಿರಲಿ, ಕಣ್ಣಾರೆ ನೋಡಲು ಬರುತ್ತೇನೆ.

ನಾಡಿದ್ದು ಮಗ್ಗಗಳಿಗೆ ಸೂಟಿ. ಓಣಿ ಸುಮ್ಮಗಿರುತ್ತದೆ, ಎಲ್ಲರೂ ಕಟ್ಟೆಯ ಮೇಲೆ ಕೂತಿರುತ್ತಾರೆ. ನಾನು ನಿನ್ನ ಬಾಗಿಲ ಮುಂದೆ ನಿಂತು, ನಿನ್ನ ಮುಖ ನೋಡಿ, “ಮೌನೇಶಣ್ಣಾ, ಅವತ್ತ ನನಗೂ ಕೇಳಿರಲಿಲ್ಲೋ,” ಎಂದು ಗಟ್ಟಿಯಾಗಿ ಹೇಳುತ್ತೇನೆ. ನೀನು ಕಿವಿಯ ಹಿಂದೆ ಕೈ ಹಿಡಿದು ‘ಏನಂದಿ?’ ಎಂದರೆ ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳುತ್ತೇನೆ.